ನಿಗಡಿಯ ಚಂದ್ರಪ್ಪನ ಕುತ್ತಿಗೆ

ಪುಣೆ ಪಕ್ಕದ ನಿಗಡಿಯಲ್ಲಿ ಸೋಮವಾರ ಗಡ್ಡ ಮಾಡಿಸಿಕೊಳ್ಳಬೇಕಾದರೆ ಚಂದ್ರಪ್ಪ ಹಡಪದನ ಅಂಗಡಿಗೇ ಬರಬೇಕು. ಪುಣೆಯ ಕಡೆ ಕ್ಷೌರದಂಗಡಿಗಳಿಗೆ ಸೋಮವಾರ ರಜೆ. ಚಂದ್ರಪ್ಪ ಇಂಡಿ ತಾಲೂಕಿನವನು, ನಮ್ಮ ವಿಜಯಪುರದ ಕಡೆ ರಜೆ ಮಂಗಳವಾರ. ಇವನು ಪುಣೆಗೆ ಬಂದು ತಲೆ ನೆರೆತರೂ ರಜೆಯನ್ನು ಮಾತ್ರ ಬದಲಿಸಲಿಲ್ಲ. ಒಮ್ಮೆ ಇಲ್ಲಿಯ ಸಲೂನ್ ಸಂಘದವರು ಗುಂಪಾಗಿ ಬಂದು ‘ಸೋಮವಾರೀ ಬಂದ್ ಠೇವಾ’, ಸೋಮವಾರ ಅಂಗಡಿ ಮುಚ್ಚು, ಎಂದು ಮರಾಠಿಯಲ್ಲಿ ಗದರಿಸಿದರು. ಚಂದ್ರಪ್ಪ ಅವರ ಅಧ್ಯಕ್ಷನನ್ನು ಕುರ್ಚಿಯ ಮೇಲೆ ಕೂರಿಸಿ, ಕುತ್ತಿಗೆ ಹಿಡಿದು ಕಟಕ್ ಎನ್ನಿಸಿ ಕಳಿಸಿದ. ಅಧ್ಯಕ್ಷ ಮುಂದಿನ ಸೋಮವಾರವೂ ಬಂದ. ಸಂಘದ ಕೆಲಸಕ್ಕಲ್ಲ, ಕುತ್ತಿಗೆಗೆ.

ಆ ಕಟಕ್ ಏನೆಂದು ಹೇಳಬೇಕು. ಗಡ್ಡ ಮುಗಿದು, ಪಟಿಕ ತಿಕ್ಕಿ, ಪೌಡರ್ ಹಚ್ಚಿದ ಮೇಲೆ ಚಂದ್ರಪ್ಪ ಗಿರಾಕಿಯ ಹಿಂದೆ ನಿಲ್ಲುತ್ತಿದ್ದ. ಒಂದು ಕೈ ಗದ್ದಕ್ಕೆ, ಒಂದು ಕೈ ನೆತ್ತಿಗೆ. ‘ಮನ್ಯಾಗ ಎಲ್ಲಾರೂ ಆರಾಮ?’ ಎಂದು ಕೇಳುತ್ತಿದ್ದ. ಗಿರಾಕಿ ‘ಹೂಂ’ ಎನ್ನುವಷ್ಟರಲ್ಲಿ ತಲೆ ಬಲಕ್ಕೆ ಹೋಗಿ ಕಟಕ್, ಎಡಕ್ಕೆ ಹೋಗಿ ಕಟಕ್. ಪಕ್ಕದ ಗಿರಣಿಯಲ್ಲಿ ಜೋಳ ಬೀಸುವ ನನಗೆ ಗಿರಣಿಯ ಸದ್ದಿನ ನಡುವೆಯೂ ಅದು ಕೇಳಿಸುತ್ತಿತ್ತು. ಸೈಕಲ್ ಮೇಲೆ ಬಂದ ಮುದುಕರು, ಬೈಕಿನ ಮೇಲೆ ಬಂದ ಕಂಪ್ಯೂಟರ್ ಹುಡುಗರು, ಎಲ್ಲರಿಗೂ ಅದು ಬೇಕು. ಪಕ್ಕದ ಆಕುರ್ಡಿಯಿಂದಲೂ ಜನ ಬರುತ್ತಿದ್ದರು. ಚಂದ್ರಪ್ಪನಿಗೆ ತಾನು ಅರ್ಧ ಡಾಕ್ಟರ್ ಎಂಬ ಭಾವನೆ ಬಂದುಬಿಟ್ಟಿತ್ತು. ಉಳಿದ ಅರ್ಧ ಡಾಕ್ಟರಿಕೆ ಅವನ ಬಾಯಲ್ಲಿತ್ತು.

ಇಂಥವನ ಕುತ್ತಿಗೆಯೇ ಕೆಟ್ಟಿತು. ಆದರೆ ಅದು ಕುತ್ತಿಗೆಯಲ್ಲಿ ಕಾಣಿಸಲಿಲ್ಲ, ಅಂಗಿಯಲ್ಲಿ ಕಾಣಿಸಿತು.

ಒಂದು ದಿನ ಬೆಳಿಗ್ಗೆ ನೋಡಿದರೆ ಅಂಗಿಯ ಗುಂಡಿಗಳೆಲ್ಲ ಬಿಚ್ಚಿಕೊಂಡು ಬಂದಿದ್ದಾನೆ.

‘ಏನೋ ಇದು? ಪೈಲ್ವಾನ್ ಆಗಬೇಕಂತೀಯೇನು?’ ಎಂದೆ.

‘ಈಗಿನ ಗುಂಡಿ ಭಾಳ ಸಣ್ಣು ಮಾಡ್ಯಾರ್ರಿ ಸಾವ್ಕಾರ. ಬೆರಳಿಗೆ ಸಿಗವಲ್ವು’ ಎಂದ. ಗಿರಣಿ ಇಟ್ಟವನೆಲ್ಲ ಅವನ ಪಾಲಿಗೆ ಸಾಹುಕಾರ. ಅದು ಗೌರವವಲ್ಲ, ಚೇಷ್ಟೆ.

ಆಮೇಲೆ ಚಪ್ಪಲಿ. ಗಣಪತಿ ಗುಡಿಯಿಂದ ಅಂಗಡಿಯ ತನಕ ಒಂದೇ ಚಪ್ಪಲಿಯಲ್ಲಿ ಬಂದ. ಇನ್ನೊಂದು ದಾರಿಯಲ್ಲಿ ಕಳಚಿ ಬಿದ್ದದ್ದು ಅವನ ಕಾಲಿಗೆ ತಿಳಿದೇ ಇರಲಿಲ್ಲ. ಚಪ್ಪಲಿ ಕಂಪನಿಯನ್ನು ಬೈದ. ಬಾಚಣಿಗೆ ಕೈಜಾರಿತು, ಎಣ್ಣೆಯನ್ನು ಬೈದ. ಗಿರಾಕಿಯ ಕೆನ್ನೆ ಕೊಯ್ದಿತು, ಬ್ಲೇಡ್ ಮಾರುವವನ ಜೊತೆ ಬೀದಿಯಲ್ಲಿ ನಿಂತು ಜಗಳವಾಡಿದ. ಅವನ ಹೆಂಡತಿ ಬೋರಮ್ಮ ನನ್ನ ಗಿರಣಿಗೆ ಹಿಟ್ಟು ಒಯ್ಯಲು ಬಂದಾಗ ಹೇಳಿದಳು: ‘ಅಣ್ಣಾರ, ಇವ್ರು ನಡಿಯೂದು ನೋಡೀರಿ? ಕಾಲು ಅಗಲಿಸಿ, ಹೊಂಟ ಟೆಂಪೋದಾಗ ನಿಂತವ್ರಂಗ ನಡೀತಾರ. ಕೇಳಿದ್ರ, ವಯಸ್ಸಾದ ಮ್ಯಾಲ ಗಂಭೀರ ಬರ್ತದ ಅಂತಾರ.’

ಎಲ್ಲಕ್ಕೂ ಚಂದ್ರಪ್ಪನ ಬಳಿ ಒಂದೇ ಔಷಧವಿತ್ತು. ಮಂಗಳವಾರ ಅವನ ಅಂಗಡಿ ಬಂದ್, ಉಳಿದವರದೆಲ್ಲ ತೆರೆದಿರುತ್ತದೆ. ಅಂದು ಇವನು ಆಕುರ್ಡಿಗೆ ಹೋಗಿ, ಅಲ್ಲಿ ಸಲೂನ್ ಇಟ್ಟಿರುವ ಮಂಗಳೂರು ಕಡೆಯ ಸುಂದರ ಭಂಡಾರಿಯ ಕೈಯಲ್ಲಿ ತನ್ನ ಕುತ್ತಿಗೆಯನ್ನು ಕಟಕ್ ಎನ್ನಿಸಿಕೊಂಡು ಬರುತ್ತಿದ್ದ. ವಾರವಿಡೀ ಊರಿನ ಕುತ್ತಿಗೆ ತಿರುವಿದವನ ಕುತ್ತಿಗೆಯನ್ನು ಇನ್ನೊಬ್ಬ ಕ್ಷೌರಿಕನೇ ತಿರುವಬೇಕು ಎಂಬುದು ಅವನ ನಂಬಿಕೆ. ತಿರುವಿಸಿಕೊಂಡು ಬಂದ ದಿನ ಹಗುರ ಎನ್ನುತ್ತಿದ್ದ. ಮರುದಿನ ಕೈ ಇನ್ನಷ್ಟು ಜೋಮು. ‘ಸುಂದರ ಕೈ ಹಗೂರ ಹಾಕ್ಯಾನ. ಮುಂದಿನ ವಾರ ಜೋರಾಗಿ ತಿರುವಿಸ್ತೀನಿ’ ಎನ್ನುತ್ತಿದ್ದ. ಇಂಥವನಿಗೆ ಏನು ಹೇಳುತ್ತೀರಿ?

ನನ್ನ ಮೀಸೆ ಹೋದದ್ದು ಒಂದು ಸೋಮವಾರ. ನಾನು ಮಗಳಿಗೆ ವರ ನೋಡಲು ಭೋರ್‌ಗೆ ಹೊರಟಿದ್ದೆ. ಬಿಳಿ ಅಂಗಿ ತೊಟ್ಟು, ‘ಮೀಸೆ ಸ್ವಲ್ಪ ತಿದ್ದು’ ಎಂದು ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದೆ. ಕಣ್ಣು ತೆರೆದಾಗ ಕನ್ನಡಿಯಲ್ಲಿ ಬಲಗಡೆ ನಾನಿದ್ದೆ, ಎಡಗಡೆ ನನ್ನ ಅತ್ತೆಯ ಮುಖವಿತ್ತು. ಅರ್ಧ ಮೀಸೆ ಮಡಿಲಲ್ಲಿ ಬಿದ್ದಿತ್ತು.

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಚಂದ್ರಪ್ಪ ಮಾತ್ರ ನಗಲಿಲ್ಲ. ಕತ್ತಿ ಹಿಡಿದ ತನ್ನ ಬಲಗೈಯನ್ನು, ಅದು ಬೇರೆಯವರದೇನೋ ಎಂಬಂತೆ ನೋಡುತ್ತಿದ್ದ.

‘ಸಾವ್ಕಾರ, ನೀವು ಅಳ್ಳಾಡಿದ್ರಿ’ ಎಂದ.

‘ನಾ ಅಳ್ಳಾಡಿದೆನೇ? ಅಳ್ಳಾಡಿಸ್ತೀನಿ ನಿನ್ನ!’ ಎಂದು ಅವನ ರಟ್ಟೆ ಹಿಡಿದೆ. ಕೊರಳಿಗೆ ಕಟ್ಟಿದ ಬಟ್ಟೆಯನ್ನೂ ಬಿಚ್ಚದೆ, ಬೋರಮ್ಮನನ್ನು ಕೂಗಿ ಕರೆದು, ಇಬ್ಬರನ್ನೂ ರಿಕ್ಷಾದಲ್ಲಿ ಹಾಕಿಕೊಂಡು ದೊಡ್ಡಾಸ್ಪತ್ರೆಗೆ ನಡೆದೆ. ಅವನ ಕೈಗೆ ಏನಾಗಿದೆಯೆಂದು ಒಬ್ಬ ಡಾಕ್ಟರ್ ಬಾಯಿಂದ ಕೇಳಿಸಿ, ಆಮೇಲೆ ಬೈಯಬೇಕೆಂದು ನನ್ನ ಲೆಕ್ಕ. ಬರೀ ನಾನು ಬೈದರೆ ಅವನಿಗೆ ತಾಗುವುದಿಲ್ಲ.

ಮಿದುಳು, ಬೆನ್ನುಹುರಿ ನೋಡುವ ವಿಭಾಗದಲ್ಲಿ ಅಪೇಕ್ಷಾ ಎಂಬ ಡಾಕ್ಟರ್ ಇದ್ದಳು. ಬೆಂಗಳೂರಿನ ಹುಡುಗಿ. ನಮ್ಮ ಮೂವರನ್ನು ನೋಡಿ, ನನ್ನ ಅರ್ಧ ಮೀಸೆಯ ಕಡೆ ಕಣ್ಣಿಟ್ಟು, ‘ಪೇಷೆಂಟ್ ನೀವಾ?’ ಎಂದು ಕೇಳಿದಳು.

ನಾನು ನಡೆದದ್ದನ್ನು ಹೇಳತೊಡಗಿದೆ. ದನಿ ಸ್ವಲ್ಪ ಏರಿರಬೇಕು, ಹೊರಗಿನಿಂದ ಸೆಕ್ಯುರಿಟಿಯವನು ಇಣುಕಿದ. ಆಕೆ ಸುಮ್ಮನೆ ನನ್ನ ತೋಳಿಗೇ ಪಟ್ಟಿ ಸುತ್ತಿ ಬಿಪಿ ನೋಡಿದಳು.

‘ಅಂಕಲ್, ಮೊದಲು ನಿಮ್ಮನ್ನೇ ಅಡ್ಮಿಟ್ ಮಾಡ್ಬೇಕೇನೋ. ಇಷ್ಟು ಬಿಪಿ ಇಟ್ಕೊಂಡು ಹೀಗೆ ಕೂಗಾಡ್ತಾ ಇದ್ರೆ ಒಂದಿನ ಸ್ಟ್ರೋಕ್ ಆಗುತ್ತೆ. ಮಾತ್ರೆ ತಗೊಳ್ತೀರಾ?’

‘ತಲಿ ಸುತ್ತಿದಾಗ ತಗೋತೀನ್ರಿ.’

‘ಅದು ಪೆಪ್ಪರ್‌ಮೆಂಟ್ ಅಲ್ಲ, ಬೇಕಾದಾಗ ಬಾಯಿಗೆ ಹಾಕ್ಕೊಳ್ಳೋಕೆ. ದಿನಾ ತಗೋಬೇಕು.’

ಚಂದ್ರಪ್ಪನಿಗೆ ಎಂಥ ಆನಂದ! ‘ಹಂಗ ಹೇಳ್ರಿ ಮೇಡಂ, ನಾನೂ ಇದನ್ನ ಹೇಳ್ಲಿಕತ್ತೀನಿ’ ಎಂದ. ಅಷ್ಟರಲ್ಲಿ ಆಕೆ ಅವನ ಕಡೆ ತಿರುಗಿದಳು.

ಮುಷ್ಟಿ ಬೇಗ ಬೇಗ ಬಿಚ್ಚಿ ಮುಚ್ಚಲು ಹೇಳಿದಳು. ಇವನ ಕೈ ಚಳಿಗಾಲದ ಕೊಬ್ಬರಿ ಎಣ್ಣೆಯಂತೆ ಆಡಿತು. ಮೊಣಕಾಲಿಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿದಳು. ಕಾಲು ಎಗರಿ ಆಕೆಯ ಸ್ಟೂಲಿಗೆ ಒದೆಯಿತು. ‘ತಪ್ಪಾತ್ರಿ ಮೇಡಂ, ನಾ ಒದ್ದಿಲ್ಲ, ಅದ ಒದ್ದದ’ ಎಂದ. ಕಣ್ಣು ಮುಚ್ಚಿ ನಿಲ್ಲಲು ಹೇಳಿದಳು. ನಿಂತವನು ತೂಗಾಡಿ ನನ್ನ ಮೇಲೆ ಬಿದ್ದ.

‘ಎಷ್ಟು ದಿನದಿಂದ ಹೀಗಿದೆ?’

‘ನಾಕ್ ದಿವಸಾತ್ರಿ.’

‘ಹೋದ ದೀಪಾವಳಿಯಿಂದ್ರಿ!’ ಎಂದು ಬೋರಮ್ಮ ಎದ್ದಳು. ‘ಹಬ್ಬದ ಫರಾಳದ ಚಕ್ಲಿ ಮುರೀಲಿಕ್ಕೂ ಇವ್ರಿಗೆ ಆಗಿದ್ದಿಲ್ಲ. ಚಕ್ಲಿ ಗಟ್ಟಿ ಆಗ್ಯಾವ ಅಂತ ನನ್ನ ಬೈದ್ರು.’

‘ತಂಬಾಕು ತಿಂತೀರಾ?’

‘ಇಲ್ರಿ’ ಎಂದ. ತುಟಿಯ ಕೆಳಗೆ ಇಟ್ಟುಕೊಂಡೇ ಹೇಳಿದ. ಆಕೆ ಕಸದ ಡಬ್ಬಿಯನ್ನು ಅವನ ಮುಂದೆ ಸರಿಸಿದಳು.

ಅಷ್ಟೂ ಕೇಳಿದ ಮೇಲೆ ಸ್ಕ್ಯಾನಿಂಗ್‌ಗೆ ಬರೆದುಕೊಟ್ಟಳು. ಕೊಳವೆಯಂಥ ಯಂತ್ರದೊಳಗೆ ಮಲಗಿ ಹೊರಬಂದ ಚಂದ್ರಪ್ಪ, ‘ನಿಮ್ಮ ಗಿರಣಿಯೊಳಗ ಜ್ವಾಳಾ ಆಗಿ ಬಂದಂಗಾತ್ರಿ ಸಾವ್ಕಾರ’ ಎಂದ. ಫೋಟೋ ಬಂದಾಗ ಅಪೇಕ್ಷಾ ಡಾಕ್ಟರ್ ಪೆನ್ನು ಇಟ್ಟು ತೋರಿಸಿದಳು.

‘ಅಂಕಲ್, ಇದು ಕೈ ಪ್ರಾಬ್ಲಮ್ ಅಲ್ಲ, ಕುತ್ತಿಗೆದು. ಮೂಳೆ ಒಳಗೆ ಒಂದು ಓಣಿ ಥರ ಜಾಗ ಇದೆ. ಬೆನ್ನುಹುರಿ ಅದರಲ್ಲೇ ಇಳಿದು ಬರೋದು. ನಿಮ್ಮ ಓಣಿ ಇಲ್ಲಿ ತುಂಬಾ ಇಕ್ಕಟ್ಟಾಗಿದೆ.’

‘ನಮ್ಮ ಓಣೀನೂ ಭಾಳ ಇಕ್ಕಟ್ಟ ಅದರಿ ಮೇಡಂ. ಆದ್ರೂ ಟೆಂಪೋ ಹೋಗ್ತಾವ.’

‘ಇಲ್ಲಿ ಹೋಗ್ತಾ ಇಲ್ಲ. ಹುರಿ ಅಮುಕಿ ಹೋಗಿದೆ. ವಯಸ್ಸು, ವರ್ಷಗಟ್ಟಲೆ ತಲೆ ಬಗ್ಗಿಸಿ ಮಾಡಿದ ಕೆಲಸ, ತಂಬಾಕು, ಎಲ್ಲಾ ಸೇರಿರುತ್ತೆ. ಯಾರಾದ್ರೂ ಕುತ್ತಿಗೆ ಗಿತ್ತಿಗೆ ತಿರುಗಿಸಿದ್ರಾ?’

ಚಂದ್ರಪ್ಪ ಛಾವಣಿಯ ಫ್ಯಾನ್ ನೋಡತೊಡಗಿದ. ಬೋರಮ್ಮ ಎಲ್ಲ ಹೇಳಿದಳು. ಸುಂದರ, ಮಂಗಳವಾರ, ಕಟಕ್, ಎಲ್ಲ. ಡಾಕ್ಟರ್ ಪೆನ್ನು ಕೆಳಗಿಟ್ಟಳು.

‘ಅದರಿಂದಲೇ ಇದಾಯ್ತು ಅಂತ ನಾನು ಹೇಳಲ್ಲ. ಆದ್ರೆ ಈ ಕುತ್ತಿಗೆನ ಇನ್ನೊಂದ್ಸಲ ಹಾಗೆ ತಿರುಗಿಸಿದ್ರೆ ಕೈಕಾಲು ಪೂರ್ತಿ ಹೋಗಬಹುದು. ಆಪರೇಷನ್ ಬೇಕು, ತಡ ಮಾಡಬಾರದು. ಈಗ ಮಾಡಿಸಿದ್ರೆ ಇರೋದು ಉಳಿಯುತ್ತೆ. ಕಳಕೊಂಡಿರೋದು ಎಷ್ಟು ವಾಪಸ್ ಬರುತ್ತೆ ಅನ್ನೋದು, ಎಷ್ಟು ತಡ ಮಾಡಿದ್ದೀರಿ ಅನ್ನೋದರ ಮೇಲಿದೆ.’

‘ಕತ್ತಿ ಹಿಡೀಲಿಕ್ಕೆ ಬರ್ತದೇನ್ರಿ?’ ಎಂದು ಚಂದ್ರಪ್ಪ ಕೇಳಿದ. ಆ ದಿನ ಅವನು ನೆಟ್ಟಗೆ ಕೇಳಿದ ಮಾತು ಅದೊಂದೇ.

‘ಗ್ಯಾರಂಟಿ ಕೊಡಕ್ಕಾಗಲ್ಲ’ ಎಂದಳು ಆಕೆ.

ಬೈಯಬೇಕೆಂದು ಹೋಗಿದ್ದ ನಾನು ಚಂದ್ರಪ್ಪನ ರಟ್ಟೆ ಹಿಡಿದು ಮೆಟ್ಟಿಲಿಳಿಸಿದೆ. ಕೆಳಗೆ ಬಂದು ಇನ್ನೊಂದು ಅರ್ಧ ಮೀಸೆಯನ್ನು ಬೇರೆ ಅಂಗಡಿಯಲ್ಲಿ ತೆಗೆಸೋಣವೆಂದರೆ ಅಂದು ಸೋಮವಾರ, ಎಲ್ಲ ಬಂದ್. ಭೋರ್‌ನವರಿಗೆ ಫೋನ್ ಮಾಡಿ ಜ್ವರ ಎಂದು ಹೇಳಿದೆ.

ಆಪರೇಷನ್ನಿಗೆ ಚಂದ್ರಪ್ಪ ಒಪ್ಪಲಿಲ್ಲ. ಅವನನ್ನು ಕೆಡಿಸಿದವನು ಬೋರಮ್ಮನ ತಮ್ಮ ಭೀಮಣ್ಣ. ರಾಂಜಣಗಾಂವದ ಫ್ಯಾಕ್ಟರಿಯಲ್ಲಿ ಕೆಲಸ. ಪುಣೆ ಜಿಲ್ಲೆಯ ಎಲ್ಲ ಕಾಯಿಲೆಗಳ ಸುದ್ದಿ ಅವನ ಬಳಿ ಇರುತ್ತದೆ, ಒಂದಕ್ಕೂ ವಿಳಾಸವಿರುವುದಿಲ್ಲ.

‘ಮಾಮಾ, ನಮ್ಮ ಕಂಪನಿಯಾಗ ಒಬ್ಬಾಂವ ಇದ್ದ. ಕುತ್ತಿಗಿ ಆಪರೇಷನ್ ಮಾಡಿಸ್ದ. ಒಳಗ ನಡಕೋತ ಹೋದ, ಹೊರಗ ಹೊತ್ತಕೊಂಡು ಬಂದ್ರು.’

‘ಏನೋ ಅವನ ಹೆಸ್ರು?’ ಎಂದು ನಾನು ಕೇಳಿದೆ.

‘ಹೆಸ್ರು ಯಾಕ ಬೇಕ್ರಿ ಅಣ್ಣಾರ? ಮನಷಾನೇ ಇಲ್ಲಂದ ಮ್ಯಾಲ?’

‘ಮನಷಾನೇ ಇಲ್ಲ, ಅದನ್ನೇ ನಾನೂ ಹೇಳೋದು! ನಿನ್ನ ಬಾಯಾಗ ಹುಟ್ಟಿ ನಿನ್ನ ಬಾಯಾಗ ಸತ್ತವ ಅಂವ!’ ಎಂದು ಕೂಗಿದೆ. ಬೋರಮ್ಮ ತಕ್ಷಣ ಒಂದು ಲೋಟ ನೀರು ತಂದು, ‘ಅಣ್ಣಾರ, ಬಿಪಿ’ ಎಂದಳು. ಆ ಹುಡುಗಿ ಡಾಕ್ಟರ್ ಅಂದಿನಿಂದ ನನಗೆ ಜಗಳವಾಡುವ ಸ್ವಾತಂತ್ರ್ಯವನ್ನೇ ಇಲ್ಲವಾಗಿಸಿದ್ದಾಳೆ.

ಚಂದ್ರಪ್ಪನ ಲೆಕ್ಕ ಬೇರೆ ಇತ್ತು. ಈಗ ಕೈ ಅರ್ಧ ಇದೆ, ಅರ್ಧ ಕೈಯಲ್ಲಿ ಅರ್ಧ ಗಿರಾಕಿ. ಆಪರೇಷನ್ ಕೆಟ್ಟರೆ ಅದೂ ಇಲ್ಲ. ‘ಕತ್ತಿ ಇಲ್ದ ಹಡಪದ ಅಂದ್ರ ಏನ್ರಿ ಸಾವ್ಕಾರ? ಬರೀ ಮಾತಾಡಾಂವ’ ಎಂದ. ಮಾತಿನ ಅಂಗಡಿಯನ್ನು ಅವನು ಬೇಕಾದರೆ ಇಡಬಹುದಿತ್ತು.

ಮುಂದಿನ ಮಂಗಳವಾರ ಬೋರಮ್ಮ ಗಿರಣಿಗೆ ಓಡಿ ಬಂದಳು. ‘ಅಣ್ಣಾರ, ಇವ್ರು ಮನ್ಯಾಗ ಇಲ್ಲ. ಹೊಸಾ ಅಂಗಿ ಹಾಕ್ಕೊಂಡ್ ಹೋಗ್ಯಾರ.’

ಎಲ್ಲಿಗೆ ಎಂದು ಕೇಳುವ ಅಗತ್ಯವಿರಲಿಲ್ಲ. ಬೀಸುತ್ತಿದ್ದ ಗೋಧಿಯನ್ನು ಹಾಗೇ ಬಿಟ್ಟು, ಮೈಮೇಲೆಲ್ಲ ಹಿಟ್ಟು, ಸ್ಕೂಟರ್ ಹತ್ತಿದೆ. ಆಕುರ್ಡಿ ಮುಟ್ಟಿ ಸುಂದರನ ಸಲೂನಿನ ಗಾಜಿನ ಬಾಗಿಲು ತಳ್ಳಿದಾಗ, ಚಂದ್ರಪ್ಪ ಕಣ್ಣು ಮುಚ್ಚಿ ಕುರ್ಚಿಯಲ್ಲಿ ಕೂತಿದ್ದ. ಸುಂದರನ ಒಂದು ಕೈ ಗದ್ದದ ಮೇಲಿತ್ತು, ಒಂದು ಕೈ ನೆತ್ತಿಯ ಮೇಲಿತ್ತು.

‘ಬಿಡೋ ಅವನ ತಲಿ!’ ಎಂದೆ.

ಒಳಗೆ ನಾಲ್ಕೈದು ಜನರಿದ್ದರು. ಹಿಟ್ಟಿನಲ್ಲಿ ಮುಳುಗಿದ, ಮೀಸೆ ಬೋಳಿಸಿದ ಮನುಷ್ಯನೊಬ್ಬ ಹೀಗೆ ನುಗ್ಗಿದ್ದನ್ನು ಕಂಡು, ಕೆನ್ನೆಗೆ ನೊರೆ ಹಚ್ಚಿಕೊಂಡಿದ್ದವನೊಬ್ಬ ನೊರೆಯೊಂದಿಗೇ ರಸ್ತೆಗೆ ಓಡಿದ.

‘ಎಂತ ಮಾರಾಯ್ರೆ ಇದು, ಯಾರು ನೀವು?’ ಎಂದ ಸುಂದರ. ಕೈ ಇನ್ನೂ ಬಿಟ್ಟಿರಲಿಲ್ಲ.

‘ಅವನ ಬೆನ್ನುಹುರಿ ಅಮುಕ್ಯದ! ಇನ್ನೊಮ್ಮಿ ತಿರುವಿದ್ರ ಕೈಕಾಲು ಹೋಗ್ತಾವ ಅಂತ ಡಾಕ್ಟ್ರು ಹೇಳ್ಯಾರ!’

ಸುಂದರ ಕೈಯನ್ನು ಕಾದ ಕಾವಲಿಯಿಂದ ತೆಗೆದಂತೆ ತೆಗೆದ. ‘ಅಯ್ಯೋ ದೇವರೇ! ನನ್ನತ್ರ ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ ಚಂದ್ರಣ್ಣ? ಬರೀ ಸೆಳೆತ ಅಂದ್ರಲ್ಲ! ನನ್ನ ಅಂಗಡಿಯಲ್ಲಿ ನಿಮಗೆ ಏನಾದ್ರೂ ಆಗಿದ್ರೆ ನಾನು ಊರಿಗೇ ಹೋಗ್ಬೇಕಿತ್ತು ಮಾರಾಯ್ರೆ!’

ಚಂದ್ರಪ್ಪನಿಗೆ ಅವಮಾನವಾಯಿತು. ‘ನಂದು ಕುತ್ತಿಗಿ, ನಾ ಏನ್ ಬೇಕಾದ್ ಮಾಡಿಸ್ತೀನಿ! ನೀವ್ಯಾರ್ರಿ ಕೇಳಾಕ?’ ಎಂದು ನನ್ನ ಮೇಲೆ ಏರಿ ಬರಲು ಎದ್ದ. ಏಳಲು ಹೋದವನ ಕಾಲು ಮಡಚಿತು. ಕುರ್ಚಿಯ ಹಿಡಿಯನ್ನು ಹಿಡಿಯಲು ನೋಡಿದ, ಬೆರಳು ಹಿಡಿಯಲಿಲ್ಲ. ಕತ್ತರಿಸಿ ಬಿದ್ದ ಕೂದಲಿನ ನಡುವೆ ನೆಲದ ಮೇಲೆ ಕೂತ.

ಯಾರೂ ನಗಲಿಲ್ಲ. ಸುಂದರ ಅವನ ಒಂದು ತೋಳು ಹಿಡಿದ, ನಾನು ಇನ್ನೊಂದು. ಏಳಿಸುವಾಗ ಚಂದ್ರಪ್ಪ ನನ್ನ ಕಿವಿಯ ಹತ್ತಿರ ಮೆಲ್ಲಗೆ ಹೇಳಿದ: ‘ಸಾವ್ಕಾರ, ಕಾಲು ಅದಾವೋ ಇಲ್ಲೋ ಗೊತ್ತಾಗ್ಲಿಲ್ರಿ.’

ಅದೇ ವಾರ ಆಪರೇಷನ್ ಆಯಿತು. ಒಳಗೆ ತಳ್ಳುಗಾಡಿಯ ಮೇಲೆ ಹೋದ. ಮರುದಿನ ಅವನನ್ನು ಹಿಡಿದು ನಿಲ್ಲಿಸಿದರು. ಕೊರಳಿಗೆ ಗಟ್ಟಿ ಪಟ್ಟಿ ಹಾಕಿದ್ದರಿಂದ ತಲೆ ತಿರುಗಿಸಲು ಬರುತ್ತಿರಲಿಲ್ಲ. ಭೀಮಣ್ಣ ಪಕ್ಕದಲ್ಲಿ ನಿಂತು ‘ಮಾಮಾ, ಆರಾಮೇನು?’ ಎಂದು ಕೇಳಿದರೆ, ಚಂದ್ರಪ್ಪ ಎದುರಿನ ಗೋಡೆಗೆ ‘ನಿನ್ನ ಕಂಪನಿಯ ಆ ಸತ್ತಾಂವ ಒಳಗ ಸಿಕ್ಕಿದ್ದ, ನಿನ್ನ ಕೇಳಿದೆ ಅಂತ ಹೇಳು ಅಂದ’ ಎಂದ.

ಕಾಲು ಬೇಗ ಸುಧಾರಿಸಿತು, ಕೈ ತಡ ಮಾಡಿತು. ವ್ಯಾಯಾಮ ಮಾಡಿಸುವ ನಿಖಿತಾ ಎಂಬ ಹುಡುಗಿ ಒಂದು ತಟ್ಟೆಯಲ್ಲಿ ಬಟಾಣಿ ಹರಡಿ, ಒಂದೊಂದಾಗಿ ಎತ್ತಿ ಬಟ್ಟಲಿಗೆ ಹಾಕಲು ಹೇಳಿದಳು. ಮನೆಯಲ್ಲೂ ಮಾಡಬೇಕು ಎಂದಳು. ಬೋರಮ್ಮ ಅದನ್ನು ಚೆನ್ನಾಗಿ ಕೇಳಿಸಿಕೊಂಡಳು. ಮನೆಗೆ ಬಂದ ಮೇಲೆ ತೊಗರಿಬೇಳೆಯ ಕಲ್ಲು ಆರಿಸಲು ಕೊಟ್ಟಳು. ಬೇಳೆ ಮುಗಿದ ಮೇಲೆ ಅಕ್ಕಿ. ಅಕ್ಕಿ ಮುಗಿದ ಮೇಲೆ ಶೇಂಗಾ. ಓಣಿಯ ಹೆಂಗಸರಿಗೂ ಸುದ್ದಿ ಹತ್ತಿತು. ಮೊರ ಹಿಡಿದು ಬರತೊಡಗಿದರು. ‘ಚಂದ್ರಪ್ಪಣ್ಣಗ ವ್ಯಾಯಾಮ ಆಗ್ಲಿ ಅಂತ ತಂದೀನ್ರಿ’ ಎನ್ನುತ್ತಿದ್ದರು. ಇಂಡಿ ತಾಲೂಕಿನ ಹಡಪದ ಕಟ್ಟೆಯ ಮೇಲೆ ಕೊರಳು ನೆಟ್ಟಗೆ ಮಾಡಿ ಕೂತು, ಕೆಳಗೆ ನೋಡಲಾಗದೆ, ಮೊರವನ್ನು ಕಣ್ಣಿನ ಮಟ್ಟಕ್ಕೆ ಎತ್ತಿಟ್ಟುಕೊಂಡು ಇಡೀ ಓಣಿಯ ಜೋಳ, ಜೀರಿಗೆ ಸ್ವಚ್ಛ ಮಾಡಿದ. ನನ್ನ ಗಿರಣಿಗೆ ಅಷ್ಟು ಸ್ವಚ್ಛ ಕಾಳು ಅದಕ್ಕೆ ಮೊದಲೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ.

ಕೊರಳಪಟ್ಟಿ ತೆಗೆದ ಮೇಲೆ ಅಂಗಡಿ ತೆರೆದ. ಹೊಸದಾಗಿ ಕಲಿಯುವವರು ಮಾಡುವಂತೆ, ಬಲೂನಿಗೆ ಸೋಪಿನ ನೊರೆ ಹಚ್ಚಿ ಕತ್ತಿಯಿಂದ ಬೋಳಿಸತೊಡಗಿದ. ಬಲೂನು ಒಡೆಯಬಾರದು, ನೊರೆ ಹೋಗಬೇಕು. ಮೊದಲ ವಾರ ಓಣಿಯಲ್ಲಿ ಮದುವೆಯೋ ಚುನಾವಣೆಯೋ ಎಂದು ಜನ ಕೇಳುವಂತಾಯಿತು. ಪ್ರತಿ ಢಬ್ ಸದ್ದಿಗೂ ನನ್ನ ಗಿರಾಕಿಗಳು ಚೀಲ ಕೆಳಗೆ ಹಾಕುತ್ತಿದ್ದರು. ನಾನು ಹೋಗಿ ಕೂಗಬೇಕೆಂದು ಎರಡು ಸಲ ಎದ್ದೆ. ನೊರೆ ತುಂಬಿದ ಮುಖದಲ್ಲಿ, ತುಟಿ ಕಚ್ಚಿಕೊಂಡು ಹೊಸ ಬಲೂನ್ ಊದುತ್ತಿದ್ದ ಅವನನ್ನು ನೋಡಿ ವಾಪಸ್ ಬಂದೆ. ಬರಬರುತ್ತ ಸದ್ದು ಕಡಿಮೆಯಾಯಿತು. ಒಂದು ದಿನ ಸದ್ದೇ ಇಲ್ಲ.

‘ಒಡೀಲಿಲ್ರೀ!’ ಎಂದು ಬೋರಮ್ಮ ನುಣ್ಣನೆಯ ಕೆಂಪು ಬಲೂನ್ ಹಿಡಿದು ಓಣಿಯ ತುಂಬ ತೋರಿಸಿ ಬಂದಳು.

ಇನ್ನು ಮುಖ ಬೇಕಿತ್ತು. ಬಲೂನಿಗೆ ರಕ್ತ ಬರುವುದಿಲ್ಲ, ಮುಖಕ್ಕೆ ಬರುತ್ತದೆ. ಹಳೆಯ ಗಿರಾಕಿಗಳು ದಿನಾ ಬಂದು ಕುಶಲ ಕೇಳಿ, ಗಡ್ಡ ಕೆರೆದುಕೊಳ್ಳುತ್ತ ಹೋಗುತ್ತಿದ್ದರು. ಬೋರಮ್ಮ ರಾಂಜಣಗಾಂವಕ್ಕೆ ಫೋನ್ ಮಾಡಿ ತಮ್ಮನನ್ನು ಕರೆಸಿದಳು.

‘ಅಕ್ಕಾ, ನಾ ಗಡ್ಡ ಬಿಡಬೇಕಂತ ಮಾಡೀನಿ’ ಎಂದ ಭೀಮಣ್ಣ.

‘ಕೂಡು ಸುಮ್ನ. ಅವ್ರನ್ನ ಹೆದರಿಸಿ ದಿನಾ ಹಾಳ ಮಾಡಿದಾಂವ ನೀನ. ಈಗ ನೀನ ಹೆದರು.’

ಭೀಮಣ್ಣ ಕುರ್ಚಿಯಲ್ಲಿ ಕೂತು ಎರಡೂ ಹಿಡಿಗಳನ್ನು ಗಟ್ಟಿಯಾಗಿ ಹಿಡಿದ. ನಾನು, ಬೋರಮ್ಮ, ಆಕುರ್ಡಿಯಿಂದ ಬಂದಿದ್ದ ಸುಂದರ, ಬಾಗಿಲಲ್ಲಿ ನಿಂತೆವು. ಚಂದ್ರಪ್ಪ ಬ್ರಶ್ ತಿರುಗಿಸಿ ನೊರೆ ಹಚ್ಚಿದ. ಅದು ಚೆಂದ ಬಂತು. ಹೊಸ ಬ್ಲೇಡ್ ಮುರಿದು ಕತ್ತಿಗೆ ಹಾಕಿದ. ಅದೂ ಬಂತು. ಎಡಗೈಯಿಂದ ಕೆನ್ನೆ ಎಳೆದು, ಕಿವಿಯ ಕೆಳಗೆ ಕತ್ತಿ ಇಟ್ಟ.

ಅಲ್ಲಿಯೇ ನಿಂತ.

ಭೀಮಣ್ಣ ಒಂದು ಕಣ್ಣು ತೆರೆದು ಕನ್ನಡಿ ನೋಡಿದ. ‘ಮಾಮಾ, ಯಾಕ ನಿಂತಿ?’

ಚಂದ್ರಪ್ಪ ಕತ್ತಿಯನ್ನು ಸ್ವಲ್ಪ ಒತ್ತಿದ, ಸಡಿಲಿಸಿದ, ಮತ್ತೆ ಒತ್ತಿದ. ಆಮೇಲೆ ಅದನ್ನು ಕೆನ್ನೆಯಿಂದ ತೆಗೆದು, ಮಡಚಿ, ಕನ್ನಡಿಯ ಕೆಳಗಿಟ್ಟ.

‘ಕೈ ನಡಗವಲ್ದು’ ಎಂದ. ‘ಆದ್ರ ಬ್ಲೇಡ್ ಚರ್ಮಕ್ಕ ಹತ್ತಿದ್ದು ನನ್ನ ಬೆರಳಿಗೆ ಗೊತ್ತಾಗವಲ್ದು. ಗೊತ್ತಾಗಲಾರ್ದ ಎಳೀಬಾರ್ದು.’

ನಾವು ಬ್ಲೇಡನ್ನೋ ಸೋಪನ್ನೋ ಭೀಮಣ್ಣನ ಕೆನ್ನೆಯನ್ನೋ ಬೈಯುತ್ತಾನೆಂದು ಕಾದೆವು. ಬೈಯಲಿಲ್ಲ. ಅಪೇಕ್ಷಾ ಡಾಕ್ಟರ್ ಹೇಳಿದ್ದು ಅದನ್ನೇ, ಕಳೆದುಕೊಂಡದ್ದೆಲ್ಲ ಬರುತ್ತದೆಂಬ ಗ್ಯಾರಂಟಿ ಇಲ್ಲವೆಂದು. ಬೋರಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಸುಂದರ ‘ಬರ್ತದೆ ಚಂದ್ರಣ್ಣ, ಇನ್ನೂ ಸ್ವಲ್ಪ ದಿನ ಹೋಗ್ಲಿ’ ಎಂದ.

‘ಬಂದ್ರ ಬರ್ಲಿ. ಬರೂತನಕ ಕರೆಂಟ್ ಅದ’ ಎಂದ ಚಂದ್ರಪ್ಪ. ಒದ್ದೆ ಬಟ್ಟೆಯಿಂದ ಭೀಮಣ್ಣನ ನೊರೆಯನ್ನು ಒರೆಸಿದ, ಗಡ್ಡದ ಮಶೀನಿನ ವೈರು ಚುಚ್ಚಿದ.

‘ಸೋಪ್ ಹಚ್ಚಿ ಒರಿಸಿದ್ರ ಅದೆಂಥ ಶೇವಿಂಗೋ ಮಾಮಾ?’ ಎಂದು ಭೀಮಣ್ಣ ಎದ್ದೇಬಿಟ್ಟ. ಕತ್ತಿ ಹೋದ ಕೂಡಲೇ ಅವನಿಗೆ ಧೈರ್ಯ ಬಂದಿತ್ತು.

‘ಕುಂದುರು!’ ಎಂದು ನಾವೆಲ್ಲ ಒಟ್ಟಿಗೇ ಕೂಗಿದೆವು.

ಕೂತ. ಮಶೀನು ಗುರ್ರೆಂದಿತು. ಚಂದ್ರಪ್ಪ ಕಿವಿಯಿಂದ ಗದ್ದದ ತನಕ ಒಂದು ದಾರಿ ಎಳೆದು, ತಲೆ ಹಿಂದೆ ಮಾಡಿ ನೋಡಿದ. ದಾರಿ ನೆಟ್ಟಗಿತ್ತು. ಹೊರಗೆ ನಿಂತು ಇಣುಕುತ್ತಿದ್ದ ಒಬ್ಬ ಮುದುಕ, ನನ್ನನ್ನು ಸರಿಸಿ ಒಳಗೆ ಬಂದು, ಬೆಂಚಿನ ಮೇಲೆ ತನ್ನ ಸರದಿಗೆ ಕೂತ.